ಏರದ ಲಿಫ್ಟು, ಮಂಕಾಗದ ಲೈಟು

ನನ್ನ ಅಂಗಡಿಗೆ ಬರುವುದು ನೀರೆತ್ತುವ ಪಂಪುಗಳು. ಬೋರ್‌ವೆಲ್ಲಿನವು, ಕೆರೆಯವು, ತೋಟಕ್ಕೆ ಮದ್ದು ಬಿಡುವವು. ಮನುಷ್ಯರನ್ನೆತ್ತುವ ಪಂಪು ಬಂದದ್ದು ಅದೇ ಮೊದಲು. ಬಂದದ್ದು ಎಂದರೆ ಅದು ಬರಲಿಲ್ಲ, ಬಸ್ಸಿನ ಹೊಟ್ಟೆಯೊಳಗಿತ್ತು. ನಾನೇ ಹೋದೆ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಆಟಿಯ ಮಳೆ, ಅಡಿಕೆಗೆ ಎರಡನೇ ಮದ್ದು ಬಿಡುವ ಸಮಯ. ಅಂಗಡಿಯ ತುಂಬ ಸ್ಪ್ರೇ ಪಂಪುಗಳು, ಪ್ರತಿಯೊಂದರ ಹಿಂದೆಯೂ ‘ಇವತ್ತು ಬೇಕು ಮಾರಾಯಾ’ ಎನ್ನುವ ಒಬ್ಬ ಕೃಷಿಕ. ಅಂಥ ದಿನ ನಮ್ಮ ಕಡೆಯ ಒಂದು ವಿಶೇಷ ಶಾಲೆಯ ಟೀಚರ್ ಕೊಡೆ ಮಡಚುತ್ತಾ ಒಳಗೆ ಬಂದರು.

“ಅಣ್ಣ, ನೀವು ಹೈಡ್ರಾಲಿಕ್ ನೋಡ್ತೀರಾ?”

“ನೋಡಿದ್ದೇನೆ” ಎಂದೆ. ಸುಳ್ಳಲ್ಲ. ಜೆಸಿಬಿ ಕೆಲಸ ಮಾಡುವುದನ್ನು ನಿಂತು ನೋಡಿದ್ದೆ.

ಅವರ ಶಾಲೆಯ ಬಸ್ಸು ಮೊದಲು ಲೈನ್ ಬಸ್ಸಾಗಿ ಓಡಿದ್ದು. ದಾನಿಗಳು ಸೇರಿ ತೆಗೆದುಕೊಟ್ಟಿದ್ದರು. ಬಾಡಿ ಕಟ್ಟುವವರು ಹಿಂದಿನ ಸೀಟುಗಳನ್ನು ಕಿತ್ತು, ಎಡಬದಿ ಕೊಯ್ದು ಅಗಲದ ಬಾಗಿಲಿಟ್ಟು, ಗಾಲಿಕುರ್ಚಿ ಏರಿಸುವ ಲಿಫ್ಟ್ ಕೂಡಿಸಿದ್ದರು. ಒಂದು ವರ್ಷ ಸರಿ ಇತ್ತು. ಆಮೇಲೆ ಒಮ್ಮೆ ಏರಿದರೆ ಒಮ್ಮೆ ಇಲ್ಲ. ಈಗ ಐದು ತಿಂಗಳಿಂದ ಇಲ್ಲವೇ ಇಲ್ಲ. ಇಳಿಯುತ್ತದೆ, ಏರುವುದಿಲ್ಲ. ಗುಂಡಿ ಒತ್ತಿದರೆ ‘ಟಿಕ್’ ಎನ್ನುತ್ತದೆ, ಅಷ್ಟೆ. ನೋಡಿದ ಮೊದಲನೆಯವನು ರಿಲೇ, ಅಂದರೆ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು, ಬದಲಿಸಿದ್ದ. ಹೊಸ ರಿಲೇ ಇನ್ನೂ ಚೆನ್ನಾಗಿ ‘ಟಿಕ್’ ಎಂದಿತು. ಎರಡನೆಯವನು ಮೋಟರೇ ಹೋಗಿದೆ, ಪಂಪು ಮೋಟರು ಎಲ್ಲ ಸೇರಿದ ಪವರ್ ಪ್ಯಾಕನ್ನೇ ಬದಲಿಸಬೇಕು ಎಂದು ಕೊಟೇಶನ್ ಬರೆದುಕೊಟ್ಟಿದ್ದ. ಕೊಟೇಶನ್ ಕಮಿಟಿಗೆ ಹೋಯಿತು. ಕಮಿಟಿಗೆ ಹೋದ ಕಾಗದದ ಗತಿ ನಿಮಗೆ ಗೊತ್ತು.

ಅಲ್ಲಿಯವರೆಗೆ ಮಕ್ಕಳನ್ನು ಎತ್ತಿ ಹತ್ತಿಸುತ್ತಿದ್ದರು. ಡ್ರೈವರ್ ಕಾಕ ಕಂಕುಳಿಗೆ ಕೈ ಕೊಡುವುದು, ಆಯಾ ಅಕ್ಕ ಮೊಣಕಾಲಿಗೆ. ಎತ್ತುವುದನ್ನು ನೋಡಿದವರೆಲ್ಲ ‘ಪುಣ್ಯದ ಕೆಲಸ’ ಎನ್ನುವರು. ಅದೇ ತೊಂದರೆ ಎಂದು ನನಗೆ ಆಮೇಲೆ ಅನಿಸಿತು. ಲಿಫ್ಟು ಸರಿ ಮಾಡಿಸಿದರೆ ಖರ್ಚು, ಹೊತ್ತರೆ ಪುಣ್ಯ. ಲೆಕ್ಕದಲ್ಲಿ ಪುಣ್ಯ ಯಾವಾಗಲೂ ಅಗ್ಗ. ಆಯಾ ಅಕ್ಕನ ಸೊಂಟ ಆ ಲೆಕ್ಕಕ್ಕೆ ಬರುವುದಿಲ್ಲ. ಹೊರಿಸಿಕೊಂಡವರಂತೂ ಬರುವುದೇ ಇಲ್ಲ.

ಆ ಬಸ್ಸಿನಲ್ಲಿ ಹತ್ತೊಂಬತ್ತರ ಒಬ್ಬ ಹುಡುಗನಿದ್ದಾನೆ. ಹೆಸರು ಹಾಕುವುದಿಲ್ಲ, ನೆರೆಕರೆಯಲ್ಲಿ ಗುರುತು ಹಿಡಿಯುವವರೇ ಎಲ್ಲ. ಕಾಲು ಅವನ ಮಾತು ಕೇಳುವುದಿಲ್ಲ, ಎಡಗೈ ಅರ್ಧ ಕೇಳುತ್ತದೆ, ನಾಲಿಗೆ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಮೊದಲ ದಿನವೇ ನನಗೆ ಹೇಳಿದ: “ದೇವರನ್ನು ವರ್ಷಕ್ಕೊಮ್ಮೆ ಜಾತ್ರೆಯ ಬಲಿಯ ದಿನ ಹೊರ್ತಾರೆ ಮಾಮ. ನನ್ನನ್ನು ದಿನಕ್ಕೆ ನಾಲ್ಕು ಸಲ. ಚೆಂಡೆ ಮಾತ್ರ ಇಲ್ಲ.”

ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಹೆಸರು ಕೇಳಿದವರಿಗೆ ಇಂಥ ಬಸ್ಸು ನಮ್ಮ ಕಡೆ ಯಾಕೆ ಬೇಕಾಯಿತು ಎಂದು ವಿವರಿಸಬೇಕಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಹೆಲಿಕಾಪ್ಟರಿನ ಶಬ್ದ ಕೇಳಿದರೆ ನಾವು ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಿದ್ದೆವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಅದರ ವಿಷದಿಂದ ಅಂಗವಿಕಲರಾದ, ಕಾಯಿಲೆ ಬಿದ್ದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ಈ ಹುಡುಗ ಆ ಪಟ್ಟಿಯಲ್ಲಿದ್ದಾನೆಯೇ ಎಂದು ನೀವು ಕೇಳಬಹುದು. ನಾನು ಕೇಳಿಲ್ಲ. ಕೇಳುವವರು ಅವನಿಗೆ ಸಾಕಷ್ಟು ಸಿಕ್ಕಿದ್ದಾರೆ.

ಸರಿ, ಲಿಫ್ಟಿಗೆ ಬರುತ್ತೇನೆ. ಕೆಲಸ ಗೊತ್ತಾದರೆ ಇದು ಬಹಳ ಸರಳ ಯಂತ್ರ. ಒಂದು ಡಿಸಿ ಮೋಟರು, ಅದರ ಕೊನೆಗೆ ಸಣ್ಣ ಗೇರ್ ಪಂಪು, ಒಂದು ಡಬ್ಬಿ ಎಣ್ಣೆ. ಮೋಟರು ತಿರುಗಿದರೆ ಎಣ್ಣೆ ಸಿಲಿಂಡರಿಗೆ ನುಗ್ಗಿ ಹಲಗೆಯನ್ನು ಮೇಲೆ ತಳ್ಳುತ್ತದೆ. ಇಳಿಸುವಾಗ ಮೋಟರಿಗೆ ಕೆಲಸವೇ ಇಲ್ಲ. ಒಂದು ವಾಲ್ವ್ ತೆರೆಯುತ್ತದೆ, ಭಾರಕ್ಕೆ ಎಣ್ಣೆ ತಾನಾಗಿ ಡಬ್ಬಿಗೆ ಮರಳುತ್ತದೆ, ಹಲಗೆ ಮೆಲ್ಲನೆ ಕೂರುತ್ತದೆ. ಇಳಿಯುವುದು ಪುಕ್ಕಟೆ, ಏರುವುದಕ್ಕೆ ನೂರು ಆಂಪಿಯರಿಗೂ ಮೇಲೆ. ಆದ್ದರಿಂದ ‘ಇಳಿಯುತ್ತದೆ, ಏರುವುದಿಲ್ಲ’ ಎಂದು ಕೇಳಿದೊಡನೆ ಎಣ್ಣೆಯ ಕಡೆಗಿಂತ ಕರೆಂಟಿನ ಕಡೆಗೆ ಮೂಗು ತಿರುಗಬೇಕು. ಎಣ್ಣೆ ನೋಡಿದೆ, ಬಣ್ಣ ಸರಿ ಇತ್ತು. ನೀರು ಸೇರಿದ್ದರೆ ಹಾಲಿನಂತಾಗಿರುತ್ತಿತ್ತು.

‘ಟಿಕ್’ ಶಬ್ದವೂ ಒಂದು ಸುದ್ದಿಯೇ. ಲಿಫ್ಟು ಹಾಗೆ ಯಾವಾಗೆಂದರೆ ಆವಾಗ ಏಳುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಬಾಗಿಲು ಪೂರ್ತಿ ತೆರೆದಿರಬೇಕು, ಕುರ್ಚಿ ಜಾರದಂತೆ ಹಲಗೆಯ ತುದಿಯಲ್ಲಿರುವ ತಡೆ ಎದ್ದು ನಿಂತಿರಬೇಕು. ಒಂದೊಂದಕ್ಕೂ ಒಂದೊಂದು ಸಣ್ಣ ಸ್ವಿಚ್ಚು. ಎಲ್ಲ ‘ಹೂಂ’ ಎಂದ ಮೇಲೆಯೇ ದೊಡ್ಡ ರಿಲೇ ಕಚ್ಚುವುದು. ಕಚ್ಚಿದೆ ಎಂದರೆ ಸಣ್ಣವರೆಲ್ಲ ಒಪ್ಪಿದ್ದಾರೆ, ದೊಡ್ಡವರಲ್ಲಿ ಯಾರೋ ಕೈಕೊಟ್ಟಿದ್ದಾರೆ.

ಇಷ್ಟು ಯೋಚಿಸಿ ಟೆಸ್ಟ್ ಲ್ಯಾಂಪ್ ತೆಗೆದು ಮೋಟರಿನ ತುದಿಗೆ ಹಿಡಿದೆ. ಜಗ್ಗನೆ ಹತ್ತಿತು. ಎರಡನೆಯವನು ಕೊಟೇಶನ್ ಬರೆದದ್ದು ಇದನ್ನು ನೋಡಿಯೇ ಇರಬೇಕು: ಕರೆಂಟು ಬರುತ್ತಿದೆ, ಮೋಟರು ತಿರುಗುವುದಿಲ್ಲ, ಎಂದರೆ ಮೋಟರು ಸತ್ತಿದೆ. ನಾನೂ ಬಾಯಿ ತೆರೆದು ಅದನ್ನೇ ಹೇಳುವವನಿದ್ದೆ.

“ಮಾಮ, ಲೈಟ್ ಮಂಕಾಗುವುದಿಲ್ಲ” ಎಂದ ಹುಡುಗ.

“ಯಾವ ಲೈಟು?”

“ಮೇಲಿನದ್ದು. ಮೊದಲು ಲಿಫ್ಟ್ ಏರುವಾಗ ಬಸ್ಸಿನ ಒಳಗಿನ ಲೈಟು ಸ್ವಲ್ಪ ಮಂಕಾಗ್ತಿತ್ತು. ಈಗ ಟಿಕ್ ಹೇಳ್ತದೆ, ಲೈಟು ಹಾಗೇ ಉಂಟು.”

ಐದು ತಿಂಗಳಲ್ಲಿ ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. “ಯಾರೂ ಕೇಳಲಿಲ್ಲ” ಎಂದ. ದೂರುವ ದನಿಯೇನಲ್ಲ. ಇಬ್ಬರು ಮೆಕ್ಯಾನಿಕ್ಕುಗಳು ಬಂದಾಗಲೂ ಅವನನ್ನು ಮೊದಲು ಕೆಳಗಿಳಿಸಿ, ಕುರ್ಚಿಯನ್ನು ಮರದಡಿಗೆ ತಳ್ಳಿ, ಆಮೇಲೆ ಕೆಲಸ ಶುರು ಮಾಡಿದ್ದರಂತೆ. ಆ ಹಲಗೆಯ ಮೇಲೆ ಅವನಷ್ಟು ಹೊತ್ತು ಕೂತವರು ಬೇರೆ ಯಾರೂ ಇರಲಿಲ್ಲ.

ಅವನ ಮಾತಿನ ಬೆಲೆ ಹೀಗೆ. ಮೋಟರು ಕಟ್ಟಿಕೊಂಡಿದ್ದರೆ, ಅಂದರೆ ತಿರುಗಲಾರದೆ ಜಾಮ್ ಆಗಿದ್ದರೆ, ಬ್ಯಾಟರಿಯಿಂದ ರಾಶಿ ಕರೆಂಟು ಎಳೆಯುತ್ತದೆ, ಬಸ್ಸಿನ ಲೈಟುಗಳೆಲ್ಲ ಕುಂದುತ್ತವೆ. ಲೈಟು ಕದಲಲಿಲ್ಲ ಎಂದರೆ ಹೆಚ್ಚು ಕರೆಂಟು ಹರಿಯುತ್ತಲೇ ಇಲ್ಲ. ದಾರಿಯಲ್ಲಿ ಎಲ್ಲೋ ಗಂಟಲು ಕಟ್ಟಿದೆ. ಅಥವಾ ಮೋಟರಿನ ಒಳಗೇ ಬ್ರಷ್ ಸವೆದು ತಂತಿ ಕಡಿದಂತಾಗಿರಬೇಕು. ಯಾವುದೆಂದು ಟೆಸ್ಟ್ ಲ್ಯಾಂಪ್ ಹೇಳುವುದಿಲ್ಲ, ಅದಕ್ಕೆ ಬೇಕಾದ ಕರೆಂಟು ತೀರಾ ಸ್ವಲ್ಪ. ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ. ಪೈಪಿನೊಳಗೆ ಬೇರು ತುಂಬಿದೆ ಎಂದಿಟ್ಟುಕೊಳ್ಳಿ. ತುದಿಯ ನಳ್ಳಿ ಮುಚ್ಚಿ ಗೇಜ್ ನೋಡಿದರೆ ಒತ್ತಡ ಪೂರ್ತಿ ತೋರಿಸುತ್ತದೆ. ನಳ್ಳಿ ತೆರೆದು ನೋಡಿ, ಹನಿ. ನೀರು ಹರಿಯುವಾಗ ಅಳೆದರೆ ಮಾತ್ರ ಬೇರು ಎಲ್ಲಿದೆ ಎಂದು ತಿಳಿಯುವುದು.

ಹಲಗೆಯ ಕೆಳಗೆ ಮರದ ದಿಮ್ಮಿ ಕೊಟ್ಟು (ಬರೀ ಎಣ್ಣೆಯ ಮೇಲೆ ನಿಂತ ಭಾರದ ಕೆಳಗೆ ನಾನು ತಲೆ ಹಾಕುವುದಿಲ್ಲ, ನೀವೂ ಹಾಕಬೇಡಿ) ಮೀಟರು ಹಿಡಿದು ಮಲಗಿದೆ. ಗುಂಡಿಯ ರಿಮೋಟು ಹುಡುಗನ ಕೈಗೆ. “ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಡು.” ಮೊದಲು ರಿಲೇಯ ಎರಡು ದೊಡ್ಡ ಬೋಲ್ಟುಗಳ ನಡುವೆ: ಒತ್ತಿದಾಗ 0.2 ವೋಲ್ಟ್. ಒಳ್ಳೆಯದು, ರಿಲೇ ಏನನ್ನೂ ತಿನ್ನುತ್ತಿಲ್ಲ. ಮೋಟರಿನ ಪ್ಲಸ್ಸಿನಿಂದ ಮೋಟರಿನ ಮೈಗೆ: ಅರ್ಧ ವೋಲ್ಟೂ ಇಲ್ಲ. ಹನ್ನೆರಡರ ಆಸುಪಾಸು ಇರಬೇಕಿತ್ತು. ಇನ್ನುಳಿದದ್ದು ಎಲ್ಲಿ ಹೋಯಿತು? ಮೋಟರಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಉದ್ದದ ತಂತಿ ಎಳೆದು ಹಿಡಿದೆ. ಸೊನ್ನೆಯ ಹತ್ತಿರ ಇರಬೇಕು. ಹನ್ನೊಂದರ ಮೇಲೆ ತೋರಿಸಿತು.

“ಸಿಕ್ಕಿತು” ಎಂದೆ ಕೆಳಗಿನಿಂದ.

“ಎಂತ?”

“ಅರ್ತ್.”

ಕರೆಂಟಿಗೆ ಹೋಗುವ ದಾರಿಯಷ್ಟೇ ಮುಖ್ಯ ಮರಳುವ ದಾರಿ, ಅದೇ ಅರ್ತ್. ಹೋಗುವ ದಾರಿಗೆ ಕೆಂಪು ಬಣ್ಣ, ಫ್ಯೂಸು, ಮರ್ಯಾದೆ ಎಲ್ಲ ಉಂಟು. ಮರಳುವುದಕ್ಕೆ ಒಂದು ಗಿಡ್ಡ ಕಪ್ಪು ತಂತಿ, ಸಿಕ್ಕಿದಲ್ಲಿ ಒಂದು ಬೋಲ್ಟು. ಇಲ್ಲಿ ಆ ಬೋಲ್ಟನ್ನು ಹಿಂದಿನ ಚಕ್ರದ ಮೇಲ್ಗಡೆ, ಫ್ರೇಮಿನ ಪೈಂಟಿನ ಮೇಲೆಯೇ ಬಿಗಿದಿದ್ದರು. ಪೈಂಟು ಕರೆಂಟು ಬಿಡುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಒಂದು ವರ್ಷ ನಡೆಯಿತು. ಚಕ್ರ ಎರಚುವ ಕೆಂಪು ನೀರು ಅದರ ಮೇಲೆಯೇ. ಕಬ್ಬಿಣ, ತಾಮ್ರ, ಮಳೆನೀರು ಈ ಮೂರೂ ಒಂದೆಡೆ ಕೂಡಿದರೆ ಏನಾಗುತ್ತದೆ ಎಂದು ಮೈಲುತುತ್ತಿನ ಪಂಪು ರಿಪೇರಿ ಮಾಡುವವನಿಗೆ ಹೇಳಬೇಕಾಗಿಲ್ಲ. ಬಿಚ್ಚಿದರೆ ಬೋಲ್ಟಿಗೆ ತುಕ್ಕು, ತಂತಿಯ ತುದಿಯ ತಾಮ್ರದ ಲಗ್ಗಿಗೆ ಕಿಲುಬು. ಬೆರಳಲ್ಲಿ ಉಜ್ಜಿದರೆ ಹಸುರು ಹಿಟ್ಟು.

ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಮೇಲೆ ಗ್ರೀಸು ಮೆತ್ತಿದೆ. ಅದರ ಮೇಲೂ ನಂಬಿಕೆ ಬಾರದೆ 35 ಸ್ಕ್ವೇರ್ ಎಂಎಂ ತಂತಿಯೊಂದನ್ನು ಮೋಟರಿನಿಂದ ನೇರ ಬ್ಯಾಟರಿಯ ಮೈನಸ್ಸಿಗೆ ಎಳೆದೆ. ಒತ್ತು ಎಂದೆ. ‘ಟಿಕ್’ ಎಂದದ್ದರ ಬೆನ್ನಿಗೇ ‘ಗುಂಯ್ಯ್’ ಎಂದು ಐದು ತಿಂಗಳ ಧೂಳು ಕೊಡವಿ ಹಲಗೆ ಎದ್ದಿತು. ಒಳಗಿನ ಲೈಟು ಒಂದಿಷ್ಟು ಮಂಕಾಯಿತು. ಅದನ್ನು ನೋಡಿ ಹುಡುಗ ನಕ್ಕ. ಲೈಟು ಮಂಕಾಗುವುದನ್ನು ಕಂಡು ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿಲ್ಲ.

ಕೂಡಲೇ ಅವನನ್ನು ಹತ್ತಿಸಲಿಲ್ಲ. ಶಾಲೆಯ ಕಟ್ಟಡ ಕೆಲಸದ್ದು ಐದು ಚೀಲ ಸಿಮೆಂಟು ಇತ್ತು. ಚೀಲಕ್ಕೆ ಐವತ್ತರಂತೆ 250 ಕಿಲೋ. ಅದನ್ನು ಏರಿಸಿ ನಡುವಲ್ಲಿ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಇಳಿದಿದೆಯೇ ಎಂದು ಗುರುತು ಹಾಕಿ ನೋಡಿದೆ. “ಸಿಮೆಂಟಿಗೆ ಮೊದಲು, ಆಮೇಲೆ ನಮಗೆ” ಎಂದು ಅವನ ಗೊಣಗಾಟ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಎಡಿಎ ಬಂದ ಮೇಲೆ ಬಸ್ಸಿನ ಲಿಫ್ಟಿಗೆ ಇಂತಿಷ್ಟು ಎಂದು ಬರೆದಿಟ್ಟಿದ್ದಾರೆ: 600 ಪೌಂಡ್, ಅಂದರೆ ಸುಮಾರು 272 ಕಿಲೋ ಹೊರಬೇಕು, ಜನ ಇರುವಾಗ ಸೆಕೆಂಡಿಗೆ 6 ಇಂಚಿಗಿಂತ ವೇಗವಾಗಿ ಏರಿಳಿಯಬಾರದು, ಕರೆಂಟು ಕೈಕೊಟ್ಟರೆ ಕೈಯಿಂದ ಏರಿಸುವ ಇಳಿಸುವ ದಾರಿ ಇರಲೇಬೇಕು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ನು ಹಳೆಯ ವಾಹನಗಳನ್ನೂ ಮಾರ್ಪಡಿಸಬೇಕು ಎನ್ನುತ್ತದೆ. ಜೊತೆಗೆ ತಾಂತ್ರಿಕವಾಗಿ ಸಾಧ್ಯವಿದ್ದರೆ, ಸುರಕ್ಷಿತವಾಗಿದ್ದರೆ, ಆರ್ಥಿಕವಾಗಿ ಕೈಗೆಟಕುವಂತಿದ್ದರೆ ಎಂದೂ ಎನ್ನುತ್ತದೆ. ಕಾನೂನಿನಲ್ಲಿ ‘ದ್ದರೆ’ ಬಂದಲ್ಲೆಲ್ಲ ಒಂದೊಂದು ಕಮಿಟಿ ಕೂರಬಹುದು.

ಕೈಯಿಂದ ಏರಿಸುವ ದಾರಿ ಎಂದೆನಲ್ಲ. ಈ ಲಿಫ್ಟಿನಲ್ಲೂ ಅದು ಇತ್ತು. ಪವರ್ ಪ್ಯಾಕಿನ ಬದಿಯಲ್ಲೇ ಸಣ್ಣ ಕೈಪಂಪು, ಅದಕ್ಕೆ ಸಿಕ್ಕಿಸುವ ಒಂದು ಹಿಡಿ. ಹಿಡಿ ಎಲ್ಲಿ ಎಂದು ಹುಡುಕಿದರೆ ಹಿಂದಿನ ಕಿಟಕಿಯ ಗಾಜು ಜಾರದಂತೆ ಆಯಾ ಅಕ್ಕ ಅದನ್ನೇ ಊರುಗೋಲಾಗಿ ಕೊಟ್ಟಿದ್ದರು. “ಇದು ಬಸ್ಸಿನಲ್ಲಿಯೇ ಸಿಕ್ಕಿದ್ದು, ಒಳ್ಳೆ ಗಟ್ಟಿ ಉಂಟು” ಎಂದರು ಪಾಪ. ಮಾನ್ಯುವಲ್ ಇಂಗ್ಲಿಷಿನಲ್ಲಿತ್ತು, ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಎಚ್ಚರಿಕೆಯ ಸ್ಟಿಕ್ಕರು ಮಲಯಾಳದಲ್ಲಿ. ಕಾಸರಗೋಡಿನ ಕನ್ನಡದವರು ಇಂಥ ಫಲಕಗಳನ್ನು ಓದುವುದರಲ್ಲಿ ಪಳಗಿದವರು: ಅರ್ಧ ಮಲಯಾಳದಲ್ಲಿ, ಅರ್ಧ ಊಹೆಯಲ್ಲಿ. ಐದು ತಿಂಗಳು ಕಂಕುಳಿಗೆ ಕೈ ಕೊಟ್ಟು ಎತ್ತಿದ ಪ್ರತಿ ಸಲವೂ ಆ ಕೈಪಂಪು ಒಂದು ಮಾರು ದೂರದಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ನನಗೆ ಒಳ್ಳೆಯ ಹೆಸರು. ಆದರೆ ಆ ದಿನ ನಾನು ಇನ್ನೊಂದನ್ನೂ ಕಂಡಿದ್ದೆ, ಕಂಡೂ ಬಿಟ್ಟಿದ್ದೆ.

ಬಸ್ಸು 24 ವೋಲ್ಟಿನದ್ದು: ಹನ್ನೆರಡರ ಎರಡು ಬ್ಯಾಟರಿ ಸಾಲಾಗಿ. ಲಿಫ್ಟಿನ ಮೋಟರು 12 ವೋಲ್ಟಿನದ್ದು. ಬಾಡಿ ಕಟ್ಟಿದವರು ಏನು ಮಾಡಿದ್ದರೆಂದರೆ, ಎರಡು ಬ್ಯಾಟರಿಗಳ ನಡುವಿನಿಂದ ತಂತಿ ತೆಗೆದು ಕೆಳಗಿನ ಒಂದೇ ಬ್ಯಾಟರಿಯಿಂದ ಲಿಫ್ಟು ಓಡಿಸಿದ್ದರು. ಅಣ್ಣ ತಮ್ಮ ಇಬ್ಬರಲ್ಲಿ ಗೇಯುವುದು ತಮ್ಮನೊಬ್ಬನೇ, ಊಟದ ಹೊತ್ತಿಗೆ ಇಬ್ಬರಿಗೂ ಅಷ್ಟಷ್ಟೇ ಬಡಿಸುವುದು. ಆಲ್ಟರ್ನೇಟರು ಇಬ್ಬರನ್ನೂ ಒಟ್ಟಾಗಿ 28 ವೋಲ್ಟಿನಲ್ಲಿ ತುಂಬಿಸುತ್ತದೆ, ಯಾರು ಹಸಿದಿದ್ದಾರೆ ಎಂದು ನೋಡುವುದಿಲ್ಲ. ದುಡಿದವನಿಗೆ ಹೊಟ್ಟೆ ತುಂಬುವುದಿಲ್ಲ, ಕೂತವನಿಗೆ ಅಜೀರ್ಣ. ಇದು ನನಗೆ ಗೊತ್ತಿತ್ತು. ಆದರೆ ಸಂಜೆಯಾಗಿತ್ತು, ಮಳೆ ಹೊಯ್ಯುತ್ತಿತ್ತು, ಮಕ್ಕಳು ಮನೆಗೆ ಹೊರಟು ಕೂತಿದ್ದರು, ಅಂಗಡಿಯಲ್ಲಿ ಪಂಪುಗಳು ಕಾಯುತ್ತಿದ್ದವು. ಮೆಷಿನು ಓಡಿತಲ್ಲ ಎಂದು ಟೀಚರ್ ಕೊಟ್ಟ ಚಾ ಕುಡಿದು ಬಂದೆ. ಹೇಳಿಯಾದರೂ ಬರಬಹುದಿತ್ತು. ಹೇಳಿದರೆ ಬ್ಯಾಟರಿಯ ಖರ್ಚು ಎದ್ದೀತು, ಕೊಟೇಶನ್ ಮತ್ತೆ ಕಮಿಟಿಗೆ ಹೋದೀತು ಎಂದು ಬಾಯಿ ಮುಚ್ಚಿದೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಸತ್ಯವೆಂದರೆ ಉದಾಸೀನ.

ಮೂರು ವಾರ ಕಳೆದು ಫೋನು. ಟೀಚರದ್ದಲ್ಲ, ಹುಡುಗನದ್ದು.

“ಮಾಮ, ನಿಂತಿತು. ಆದ್ರೆ ಈ ಸಲ ಲೈಟು ಮಂಕಾಗ್ತದೆ. ತುಂಬಾ ಮಂಕಾಗ್ತದೆ. ಬೆಳಿಗ್ಗೆ ಮೊದಲನೇ ಮನೆಯ ಹತ್ರ ಹೋಗುದೇ ಇಲ್ಲ, ಶಾಲೆಗೆ ಎತ್ತುವಾಗ ಸರಿ ಆಗ್ತದೆ.”

ಇದಕ್ಕೆ ಮೀಟರು ಬೇಕೇ? ಲೈಟು ಮಂಕಾಗುತ್ತದೆ ಎಂದರೆ ಕರೆಂಟು ಹರಿಯುತ್ತಿದೆ, ಕೊಡುವವನಲ್ಲಿ ತ್ರಾಣವಿಲ್ಲ. ಬೆಳಿಗ್ಗೆ ಇಲ್ಲ, ಒಂದು ಗಂಟೆ ಓಡಿದ ಮೇಲೆ ಉಂಟು ಎಂದರೆ ರಾತ್ರಿ ಉಪವಾಸ ಮಲಗಿದ ಬ್ಯಾಟರಿ. ಆದರೂ ಹೋಗಿ ಅಳೆದೆ, ತಪ್ಪಿಗೆ ತಕ್ಕ ಶಾಸ್ತಿ ಎಂಬಂತೆ. ಕೆಳಗಿನದ್ದು 11.7. ಮೇಲಿನದ್ದು 13.1, ಮುಚ್ಚಳ ತೆಗೆದರೆ ನೀರು ಇಂಗಿ ಪ್ಲೇಟುಗಳ ತಲೆ ಕಾಣುತ್ತಿತ್ತು.

ಈ ಸಲ ಎಲ್ಲವನ್ನೂ ಹೇಳಿದೆ. ಎರಡೂ ಬ್ಯಾಟರಿ ಹೊಸದು, ಒಂದೇ ಜೋಡಿಯದ್ದು ಹಾಕಬೇಕು. ಒಂದು ಹೊಸದು ಒಂದು ಹಳತು ಎಂದು ಉಳಿಸಲಿಕ್ಕೆ ಹೋದರೆ ಅದೇ ಕಥೆ. ಜೊತೆಗೆ ಈಕ್ವಲೈಸರ್ ಎಂಬ ಪೆಟ್ಟಿಗೆ ಬೇಕು, ಅದು ಎರಡನ್ನೂ ನೋಡಿಕೊಂಡು ಹೆಚ್ಚಿದ್ದವನಿಂದ ಕಡಿಮೆಯಿದ್ದವನಿಗೆ ದಾಟಿಸುತ್ತದೆ. ಪೆಟ್ಟಿಗೆ ಮಂಗಳೂರಿನಿಂದ ತರಿಸಬೇಕಾಯಿತು. ಡ್ರೈವರ್ ಕಾಕನಿಗೂ ಒಂದು ಮಾತು: ಲಿಫ್ಟು ಏರಿಸುವಾಗ ಇಂಜಿನ್ ಬಂದ್ ಮಾಡಬೇಡಿ. “ಡೀಸೆಲ್ ಉಳೀತದೆ ಅಂತ ಹೇಳಿದ್ದು ಅವರೇ ಅಲ್ವಾ?” ಎಂದು ಆಫೀಸಿನ ಕಡೆಗೆ ಗಲ್ಲ ತಿರುಗಿಸಿದರು. ಹಣ ಹೊಂದಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಯಾರನ್ನೂ ಹೊರಲಿಲ್ಲ. ಕೈಪಂಪಿನಲ್ಲೇ ಏರಿಸಿದರು. ಹುಡುಗನ ಭಾರಕ್ಕೆ ನಲವತ್ತೆರಡು ಸಲ ಹಿಡಿ ಆಡಿಸಬೇಕು, ಎಣಿಸಿದವನು ಅವನೇ. ಒಮ್ಮೆ ಕಾಕ ಮೂವತ್ತಕ್ಕೆ ದಣಿದು ನಿಂತಾಗ “ಇನ್ನು ಹನ್ನೆರಡು, ಮತ್ತೆ ಚಾ” ಎಂದನಂತೆ.

ಆಮೇಲೆ ಮಳೆ ಹೋಯಿತು. ಮದ್ದಿನ ಪಂಪುಗಳು ಅಟ್ಟ ಸೇರಿದವು, ನೀರಿನ ಪಂಪುಗಳ ಕಾಲ ಬಂತು. ಮೊನ್ನೆ ಬೆಳಿಗ್ಗೆ ಎಂಟಕ್ಕೆ ಷಟರ್ ಎತ್ತುತ್ತಿದ್ದಂತೆ ಮತ್ತೆ ಫೋನು.

“ಮಾಮ, ಮೋಟರು ತಿರುಗ್ತದೆ. ಲೈಟು ಮಂಕಾಗ್ತದೆ, ಸ್ವಲ್ಪವೇ. ಶಬ್ದ ಸಪೂರ ಉಂಟು. ಏರುವುದಿಲ್ಲ.”

ಶಬ್ದ ಸಪೂರ. ಒಳ್ಳೆಯ ಮಾತು. ಭಾರ ಹೊತ್ತ ಮೋಟರಿನ ಶಬ್ದ ದಪ್ಪ, ಬರಿದೇ ತಿರುಗುವುದರದ್ದು ಸಪೂರ. ಎಣ್ಣೆ ಸಿಲಿಂಡರಿಗೆ ಹೋಗದೆ ಹಿಂದಿನಿಂದ ಹಿಂದೆಯೇ ಡಬ್ಬಿಗೆ ಮರಳುತ್ತಿದೆ.

“ನಿನ್ನೆ ಯಾರಾದ್ರೂ ಕೈಪಂಪಿನ ಹತ್ರ ಕೈ ಹಾಕಿದ್ದಾರಾ?”

ಆ ಕಡೆ ತುಳುವಿನಲ್ಲಿ, ಮಲಯಾಳದಲ್ಲಿ ಒಂದಷ್ಟು ವಿಚಾರಣೆ. “ಆಯಾ ಅಕ್ಕ ಒರೆಸಿದ್ರಂತೆ. ಒಂದು ಗುಬುಟು ತಿರುಗಿತಂತೆ.”

“ಅದೇ. ಇಳಿಸುವ ವಾಲ್ವು. ಕಾಕನತ್ರ ಬಲಕ್ಕೆ ತಿರುಗಿಸಿ ಬಿಗಿ ಮಾಡ್ಲಿಕ್ಕೆ ಹೇಳು. ಕೈಯಲ್ಲೇ, ಸ್ಪ್ಯಾನರ್ ಬೇಡ.”

ಫೋನಿನಲ್ಲೇ ಕೇಳಿದೆ. ಟಿಕ್. ಸಪೂರದ ಶಬ್ದ ಒಂದು ಕ್ಷಣ, ಆಮೇಲೆ ಕುತ್ತಿಗೆ ಕೊಟ್ಟಂತೆ ದಪ್ಪವಾಯಿತು.

“ಹೋಗ್ತಾ ಉಂಟು?” ಎಂದೆ.

“ಫೋನ್ ಇಡ್ತೇನೆ ಮಾಮ” ಎಂದ. “ಕಂಬಿ ಹಿಡೀಲಿಕ್ಕೆ ಕೈ ಬೇಕು.”